ಕೆರೆಯ ನಡುವೆ ಕಯಾಕ್

ಕಾಡಿನ ಕೆರೆಯ ದಡದಲ್ಲಿ ಟೆಂಟ್ ಹಾಕಿದಾಗಿನಿಂದ ನಾದಿನಿಯರು ಒಂದೇ ಸಮನೆ ಕಿಚಾಯಿಸುತ್ತಿದ್ದರು. ಅದಕ್ಕೇ ವಿಮಲಾಕ್ಷಿ ಹಠ ಹಿಡಿದು ಕಯಾಕ್ ಹತ್ತಿದಳು. ನೀರೆಂದರೆ ಅವಳಿಗೆ ಪ್ರಾಣಭಯ. ಆದರೆ ಹಿಂದಿನ ಸೀಟಿನಲ್ಲಿ ಲೈಫ್ ಜಾಕೆಟ್ ತೊಟ್ಟು ಆಗಲೇ ಕೂತಿದ್ದವನ ಅಗಲವಾದ ಭುಜ ನೋಡಿ, ತರಬೇತುದಾರ ಜೊತೆಗಿದ್ದಾನಲ್ಲ ಎಂದು ಧೈರ್ಯ ಬಂತು.

“ಹೊರಡೋಣ್ವಾ?” ಎಂದಳು.

“ನೀವು ಹೇಳ್ದಂಗೆ ಮೇಡಂ,” ಎಂದ ಅವನು.

ಇಬ್ಬರೂ ಹುಟ್ಟು ಹಾಕುತ್ತಾ ಕೆರೆಯ ನಡುವಿಗೆ ಬಂದರು. ಅಲ್ಲಿ ಗಾಳಿ ಬೀಸಿ ಕಯಾಕ್ ಓಲಾಡತೊಡಗಿತು. ಅವಳು ಅಂಚನ್ನು ಗಟ್ಟಿಯಾಗಿ ಹಿಡಿದು ಕೇಳಿದಳು:

“ಭಯ ಏನಿಲ್ಲ ತಾನೇ?”

“ನೀವಿರೋವಾಗ ಯಾವ ಭಯ ಮೇಡಂ!”

ಎಂಥ ವಿನಯವಂತ ಎಂದು ಮೆಚ್ಚಿಕೊಂಡ ಅವಳು, “ಸಾಕಪ್ಪಾ, ಇನ್ನು ದಡದ ಕಡೆ ತಿರುಗಿಸಿ,” ಎಂದಳು.

“ತಿರುಗಿಸೋದು ಹೆಂಗೆ ಅಂತ ನೀವಿನ್ನೂ ಹೇಳ್ಕೊಟ್ಟೇ ಇಲ್ವಲ್ಲ ಮೇಡಂ?”