ಒಂದೇ ಹಗ್ಗ

ಬೆಟ್ಟದೂರಿನ ಉಪ್ಪುಕೆರೆಯಲ್ಲಿ ಮಿಂದವರು ಮೈ ಆರುವವರೆಗೆ ಗಾಳಿಯಲ್ಲಿ ತೇಲುತ್ತಾರೆ. ಅವರು ಹಾರಿಹೋಗದಂತೆ ಸೊಂಟಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುವುದು ತುಂಗವ್ವನ ಕೆಲಸ. ಮಂಡಿನೋವಿಗೆಂದು ಬೇರೆ ಬೇರೆಯಾಗಿ ಬಂದ ಚಂಪಕ್ಕ ಮತ್ತು ಅವಳ ತಂಗಿ ಗಿರಿಜೆ ಅಂದು ಅಲ್ಲೇ ಎದುರಾದರು. ಮಗನ ಮದುವೆಗೆ ಗಿರಿಜೆ ಕರೆಯಲಿಲ್ಲವೆಂದು ಅಕ್ಕ ಮಾತು ಬಿಟ್ಟು ವರ್ಷಗಳಾಗಿದ್ದವು. ಸಂಜೆಯ ಬಸ್ಸಿಗೆ ಇಬ್ಬರೂ ಹಾಗೆಯೇ ಹೊರಟುಬಿಡುತ್ತಾರಲ್ಲ ಎಂದು ತುಂಗವ್ವನಿಗೆ ಸಂಕಟವಾಯಿತು.

"ಒಂದೇ ಹಗ್ಗ ಉಳಿದೈತೆ ನೋಡ್ರವ್ವಾ," ಎನ್ನುತ್ತಾ ಅವಳು ಮಿಕ್ಕ ಹಗ್ಗಗಳ ಸುರುಳಿಯ ಮೇಲೆ ಸೆರಗು ಹರಡಿ ಕುಳಿತಳು.

ಒಂದೇ ಹಗ್ಗಕ್ಕೆ ಬಿಗಿಸಿಕೊಂಡು ಮೇಲೇರಿದ ಅಕ್ಕತಂಗಿಯರು ಗಾಳಿ ಬೀಸಿದಾಗಲೆಲ್ಲ ಡಿಕ್ಕಿ ಹೊಡೆದರು.

"ಕಾಲು ತೆಗಿಯೇ, ಮೂಗಿಗೆ ತಾಗ್ತಿದೆ!" ಚಂಪಕ್ಕ ಗದರಿದಳು.

"ನಿನ್ನ ಮೂಗೇ ಉದ್ದ ಕಣೇ ಅಕ್ಕಾ!"

ಮೊದಲು ಜಗಳ ಕೇಳಿಸಿತು, ಆಮೇಲೆ ನಗು. ಮೈ ಆರಿ ನೆಲ ಹತ್ತಿರವಾಗುತ್ತಿದ್ದಂತೆ ಚಂಪಕ್ಕ ಕೂಗಿದಳು: "ತುಂಗವ್ವಾ, ಇನ್ನೆರಡು ಚೊಂಬು ನೀರು ಎರಚು, ನಮ್ಮ ಮಾತಿನ್ನೂ ಮುಗಿದಿಲ್ಲ!"