ಕರೀಂ ಚಾಚಾನ ಕೈ

ಬಸವಕಲ್ಯಾಣದ ನರಸಿಂಗನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಅವನ ಮಗಳು ವಿಶಾಖಾ ಪೆನ್ನು ಕಚ್ಚುತ್ತ ಕೂತಿದ್ದಳು. ಹುಮನಾಬಾದಿನ ಖಾಸಗಿ ಶಾಲೆಯೊಂದರಲ್ಲಿ ಮಧ್ಯಾಹ್ನ ಟೀಚರ್ ಕೆಲಸಕ್ಕೆ ಸಂದರ್ಶನ. ಬರುವಾಗ ‘ನಾನು ಯಾರು, ಮುಂದೆ ಏನಾಗಬೇಕೆಂದಿದ್ದೇನೆ’ ಎಂದು ಸ್ವಂತ ಅಕ್ಷರದಲ್ಲಿ ಒಂದು ಪುಟ ಬರೆದು ತರಬೇಕಂತೆ. ನಾಲ್ಕು ದಿನದಿಂದ ತಲೆ ಕೆರೆದು ಬರೆದದ್ದು ಇಷ್ಟು: ‘ನಾನು ವಿಶಾಖಾ.’

“ಹೆಸರು ತಪ್ಪಿಲ್ದಂಗ ಬರದೀ. ಅರ್ಧ ನೌಕರಿ ಸಿಕ್ಕಂಗ,” ಎಂದ ನರಸಿಂಗ.

“ನಗಬ್ಯಾಡ ಅಪ್ಪಾ. ಇಪ್ಪತ್ತೊಂದು ವರ್ಷಕ್ಕ ನಿನಗ ಗೊತ್ತಿತ್ತೇನು, ಮುಂದ ಏನಾಗ್ಬೇಕಂತ?”

“ನನಗೇನ್ ಗೊತ್ತು? ನಿಮ್ಮಜ್ಜ ಕೈಯಾಗ ತಂತಿ ಕತ್ತರಸೋ ಪಕ್ಕಡ ಕೊಟ್ಟ, ಹಿಡದೆ. ನಿನ್ನ ಕೈಯಾಗ ಖಡು ಇರ್ಬೇಕು, ಬೋರ್ಡಿನ ಮ್ಯಾಲ ಬರೀಬೇಕು ಅಂತ ನನ್ನಾಸೆ. ಅದನ್ನೇ ಬರಿ.”

ಅಷ್ಟರಲ್ಲಿ ಅಂಗಡಿ ಮುಂದೆ ಟಂಟಂ ಆಟೋ ನಿಂತಿತು. ಮುಡಬಿಯ ರೈತ ತುಳಜಾರಾಮ ಸುಟ್ಟ ಮೋಟಾರೊಂದನ್ನು ಇಳಿಸಿ, ನೇರ ಬಂದು ನರಸಿಂಗನ ಎರಡೂ ಕೈ ಹಿಡಿದ. “ನರಸಿಂಗಣ್ಣ, ಏನ್ ಕೈರಿ ನಿಮ್ದು! ಹೋದ ಬ್ಯಾಸಗ್ಯಾಗ ಮಾಡಿಕೊಟ್ಟ ಮೋಟಾರ್ ಒಂದಿನಾ ಬಿಸಿ ಆಗಿಲ್ಲ. ಇದು ಎರಡನೇದು. ಅದರಂಗೇ ಮಾಡಿಕೊಡ್ರಿ.”

ನರಸಿಂಗನ ಮುಖ ಅರಳಿತು, ಅಷ್ಟೇ ಬೇಗ ಬಾಡಿತು. ಹೋದ ಬೇಸಿಗೆಯಲ್ಲಿ ಅವನು ಡೆಂಗಿ ಜ್ವರ ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಆಗ ಬಂದ ಕೆಲಸವನ್ನೆಲ್ಲ ಎದುರು ಸಾಲಿನ ಅಬ್ದುಲ್ ಕರೀಂನ ಅಂಗಡಿಯಲ್ಲಿ ಮಾಡಿಸಿದೆ ಎಂದು ವಿಶಾಖಾ ಹೇಳಿದ್ದಳು. ಆ ಹತ್ತು ದಿನದ ಮೋಟಾರುಗಳನ್ನು ಗಿರಾಕಿಗಳು ಹೊಗಳಿದಾಗಲೆಲ್ಲ ಇವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಪಾಪ, ಕರೀಂ ಸಲಾಂ ಎಂದರೆ ಇವನು ವರ್ಷದಿಂದ ಆಕಾಶ ನೋಡುತ್ತಿದ್ದ. ಹಾಗಂತ ಇನ್ನೊಬ್ಬನ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವ ಮನುಷ್ಯನಲ್ಲ.

“ಅದು ನನ್ನ ಕೈ ಅಲ್ಲಪಾ, ಅಬ್ದುಲ್ ಕರೀಮಂದು,” ಎಂದ, ಔಷಧಿ ನುಂಗಿದವನ ಹಾಗೆ.

“ಹಂಗೇನ್ರಿ?” ತುಳಜಾರಾಮ ಒಂದು ಗಳಿಗೆ ಹಿಂದೆಮುಂದೆ ನೋಡಿದ. “ತಪ್ಪ ತಿಳೀಬ್ಯಾಡ್ರಿ ಅಣ್ಣಾರ, ಹಂಗಿದ್ರ ಅಲ್ಲೇ ಒಯ್ತೀನಿ. ಕಬ್ಬಿಗೆ ನೀರು ಬಿಡೋದದ.” ಬಗ್ಗಿ ಮೋಟಾರಿಗೆ ಕೈ ಹಾಕಿಯೇಬಿಟ್ಟ.

“ತಡೀರಿ ಕಾಕಾ.” ವಿಶಾಖಾ ಎದ್ದು ನಿಂತಿದ್ದಳು. “ಕರೀಂ ಚಾಚಾ ಆ ಮೋಟಾರ್ ಕಣ್ಣಿಲೆ ಕಂಡಿಲ್ಲ. ನಾ ಮಾಡಿದ್ದು.”

ನರಸಿಂಗ ನಕ್ಕ. “ಗಿರಾಕಿ ಹೋಗ್ತಾನಂತ ಸುಳ್ಳು ಹೇಳಾಕತ್ತೀಯೇನು?”

“ಹೋದ ವರ್ಷ ಹೇಳಿದ್ದು ಸುಳ್ಳು. ಮೋಟಾರಿನ ವಾರ್ನಿಷ್ ಹತ್ತಿದ ಕೈಗೆ ನೌಕರಿ ಸಿಗಂಗಿಲ್ಲ, ಗಂಡೂ ಸಿಗಂಗಿಲ್ಲ ಅಂತ ನೀನೇ ಅಂತಿದ್ದೆಲ್ಲ? ಖರೇ ಹೇಳಿದ್ರ ಅಂಗಡಿ ಮೆಟ್ಟಿಲು ಹತ್ತಸ್ತಿದ್ದಿಲ್ಲ. ಸಣ್ಣಾಕಿದ್ದಾಗಿಂದ ನಿನ್ನ ಕೈ ನೋಡೇ ಕಲ್ತೀನಿ.”

“ಹಂಗಾದ್ರ ಮಾಡಿ ತೋರಸು.”

ದುಪಟ್ಟಾ ಸೊಂಟಕ್ಕೆ ಬಿಗಿದು ಕೂತಳು. ಸುಟ್ಟ ತಂತಿ ಕಿತ್ತು, ಒಳಗಿನ ಸಂದುಗಳನ್ನು ಉಜ್ಜಿ, ತಂತಿ ಕಬ್ಬಿಣಕ್ಕೆ ತಾಗದಂತೆ ಕಾಗದ ಕೂಡಿಸಿ, ಹೊಸ ತಾಮ್ರದ ತಂತಿ ಸುತ್ತತೊಡಗಿದಳು. ತಪ್ಪು ಹಿಡಿಯಲೆಂದೇ ನರಸಿಂಗ ತಲೆಯ ಮೇಲೆ ನಿಂತ. “ಎಳೀಬ್ಯಾಡ,” ಎಂದ. ಅವಳು ಎಳೆದಿರಲಿಲ್ಲ. “ಸುತ್ತು ಎಣಸು,” ಎಂದ.

“ಎಣಸಾಕತ್ತೀನಿ. ನೀ ಮಾತಾಡಿದ್ರ ಲೆಕ್ಕ ತಪ್ತದ. ಸುಮ್ನ ಕೂಡು.”

ಮೂವತ್ತು ವರ್ಷದಲ್ಲಿ ಆ ಅಂಗಡಿಯೊಳಗೆ ನರಸಿಂಗನಿಗೆ ಸುಮ್ಮನೆ ಕೂಡು ಎಂದವರಿಲ್ಲ. ಕೂತ. ತುಳಜಾರಾಮ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, “ಹಿತ್ತಲ ಗಿಡ ಮದ್ದಲ್ಲ ಅಂತಾರ. ನಿಮ್ದೂ ಹಂಗೇ ಆತು ನೋಡ್ರಿ ಅಣ್ಣಾರ,” ಎಂದ. ಸಂದರ್ಶನದ ಸುದ್ದಿ ಅಷ್ಟರಲ್ಲಿ ಅವನ ಕಿವಿಗೂ ಬಿದ್ದಿತ್ತು. ರಸ್ತೆ ಕಡೆ ನೋಡಿ ಗಾಬರಿಯಾದ. “ಯವ್ವಾ, ನಿನ್ನ ಹನ್ನೊಂದರ ಹುಮನಾಬಾದ್ ಬಸ್ ಹೋತಲ್ಲ!”

ವಿಶಾಖಾ ತಲೆಯೆತ್ತಿದಳು. ಆ ಒಂದು ಪುಟ ಬರೆಯಲು ಕೂತ ನಾಲ್ಕು ದಿನ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದವಳು, ಈ ಎರಡೂವರೆ ತಾಸು ಅದು ಗೋಡೆಯ ಮೇಲಿರುವುದನ್ನೇ ಮರೆತಿದ್ದಳು. ಅವಳಿಗೇ ಆಶ್ಚರ್ಯವಾಯಿತು, ಖುಷಿಯೂ ಆಯಿತು.

“ಹೋಗ್ಲಿ ಬಿಡ್ರಿ ಕಾಕಾ. ಅಪ್ಪಾ, ನೀ ಸಿಟ್ಟಾದ್ರೂ ಆಗು, ನನಗ ಇದೇ ಛಲೋ ಅನಸ್ತದ. ನಾ ಇದನ್ನೇ ಮಾಡಾಕಿ.”

ನರಸಿಂಗ ಬಗ್ಗಿ, ಅವಳು ಕೂಡಿಸಿದ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅಲುಗಲಿಲ್ಲ. ವರ್ಷದ ಹೊಟ್ಟೆಕಿಚ್ಚು ಒಂದೇ ಸಲಕ್ಕೆ ಹೆಮ್ಮೆಯಾಗಿಬಿಟ್ಟರೆ ಮನುಷ್ಯನಿಗೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಅವನು ಅದನ್ನು ಅತ್ತ ತಿರುಗಿಸಿಕೊಂಡು ಅವಳ ಮೋಟಾರಿಗೆ ಬೇಕಾದ ಕಾಗದ ಕತ್ತರಿಸತೊಡಗಿದ.

ಒಂದು ಗಂಟೆಗೆ ಅವಳ ಫೋನು ಬಡಿದುಕೊಂಡಿತು. ಅವಳ ಎರಡೂ ಕೈ ಮೋಟಾರಿನೊಳಗಿದ್ದವು. ನರಸಿಂಗನೇ ಎತ್ತಿದ. ಶಾಲೆಯವರು, ಸಂದರ್ಶನಕ್ಕೆ ವಿಶಾಖಾ ಅವರು ಇನ್ನೂ ಬಂದಿಲ್ಲವಲ್ಲ ಎಂದು ವಿಚಾರಿಸಿದರು.

“ಮೇಡಂ ಕೆಲಸದಾಗ ಅದಾರ್ರಿ. ಕೈ ಖಾಲಿ ಇಲ್ಲ.”

“ತಾವು ಯಾರು ಮಾತಾಡೋದು?”

ನರಸಿಂಗ ಮಗಳ ಕಡೆ ಒಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡ.

“ನಾ ಅವರ ಹೆಲ್ಪರ್ರಿ.”