ಟಗ್‌ಬೋಟಿನ ಕಿರೀಟ

ಹೆಣ್ಣುವೇಷದ ಸ್ಪರ್ಧೆ ಗೆದ್ದು ಲೆಸ್ಟರ್ ಮತ್ತೊಮ್ಮೆ ಟಗ್‌ಬೋಟ್ ಬಾರಿನ ರಾಣಿಯಾಗಲು ಇನ್ನೇನು ಒಂದು ಚಪ್ಪಾಳೆ ಬಾಕಿ ಇತ್ತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬಳು ಒಳಗೆ ಬಂದಳು. ಮೊಣಕಾಲು ದಾಟಿದ ಕಂದು ಕೋಟು, ಚರ್ಚಿನ ಹ್ಯಾಟು, ಮೊಣಕೈಗೆ ನೇತುಬಿದ್ದ ಚೀಲ, ಎಮ್ಮೆಯೂ ಮೆಟ್ಟಲೊಪ್ಪದ ಬೂಟು. ಬಾರಿನ ತುಂಬ ಗಂಡಸರು, ಅವರಲ್ಲಿ ಅರ್ಧ ಜನ ಗೌನು ತೊಟ್ಟವರು. ಎಲ್ಲರೂ ಒಂದು ಕ್ಷಣ ಬಾಯಿ ಬಿಟ್ಟು ನೋಡಿದರು. ಆಮೇಲೆ ಅವರು ಹಾಕಿದ ಕೇಕೆಗೆ ನ್ಯೂಕ್ಯಾಸಲ್ ಬಂದರಿನ ಕಲ್ಲಿದ್ದಲ ಹಡಗುಗಳೆಲ್ಲ ಹಗ್ಗ ಹರಿದುಕೊಂಡು ನ್ಯೂಜಿಲೆಂಡಿನ ಕಡೆ ಓಡಿದವು.

"ವೇಷ ಅಂದ್ರೆ ಇದಪ್ಪಾ," ಅಂದ ಮಾಲೀಕ ರೂಫಸ್. ತೀರ್ಪುಗಾರನೂ ಅವನೇ. "ಕಾಲುಚೀಲಕ್ಕೆ ತೇಪೆ ಕೂಡ ಹಾಕ್ಕೊಂಡು ಬಂದಿದಾಳೆ ನೋಡ್ರೋ. ಲೇ ಪರ್ಲು, ನಿನ್ನ ಕಥೆ ಮುಗೀತು ಕಣೇ."

ಮೇಡಂ ಪರ್ಲ್ ಅಂದರೆ ಲೆಸ್ಟರನೇ. ವಾರವಿಡೀ ಬಂದರಿನಲ್ಲಿ ಕ್ರೇನ್ ನಡೆಸುವವನು, ಶನಿವಾರ ಮಧ್ಯಾಹ್ನ ಹೊಳೆಯುವ ಹಸಿರು ಗೌನಿನ ರಾಣಿ. ಟಗ್‌ಬೋಟೂ ಸಾಮಾನ್ಯ ಜಾಗವಲ್ಲ. ಗಂಡಸಿಗೆ ಒಲಿದ ಗಂಡಸಿಗೆ ಊರಿನಲ್ಲಿ ಮೊಳ ನೆಲವಿಲ್ಲದ ಕಾಲಕ್ಕೆ ಮೀನಂಗಡಿಯ ಹಿಂದಿನ ಕೋಣೆಯಲ್ಲಿ ಹುಟ್ಟಿದ್ದು. ಪೊಲೀಸರು ಸಾವಿರ ಸಲ ಮುಚ್ಚಿಸಿದರು, ಅದು ಸಾವಿರದೊಂದು ಸಲ ತೆರೆಯಿತು. ಪ್ರವಾಹ ಬಂದ ವರ್ಷ ಸ್ಟೂಲುಗಳು ತೇಲಿದವು, ಮೇಲೆ ಕೂತವರು ಇಳಿಯಲಿಲ್ಲ. ಅಂಥ ಬಾರಿನ ಕಿರೀಟ ಹನ್ನೊಂದು ವರ್ಷದಿಂದ ಲೆಸ್ಟರನ ತಲೆ ಬಿಟ್ಟು ಕದಲಿರಲಿಲ್ಲ. ಬಿಸ್ಕತ್ತು ಡಬ್ಬಿ ಕತ್ತರಿಸಿ ಅವನೇ ಬೆಸುಗೆ ಹಾಕಿದ್ದು. ಅದರ ಹೊಳಪಿಗೆ ದೀಪಸ್ತಂಭದವರು ದೀಪ ಹಚ್ಚುವುದನ್ನೇ ಮರೆಯುತ್ತಿದ್ದರು.

ಆಗ ಕೌಂಟರಿನ ಕೆಳಗಿನಿಂದ ಯಾರೋ ಅವನ ಗೌನು ಜಗ್ಗಿದರು. ಗ್ಲಾಸು ತುಂಬಿಸುತ್ತಿದ್ದ ಕ್ಲೈವ್, ಮೂವತ್ತು ದಾಟಿದ ಆಳು, ಬೀರಿನ ಪೀಪಾಯಿಗಳ ನಡುವೆ ಇಲಿಯಂತೆ ಮುದುಡಿ ಕೂತಿದ್ದ.

"ಅದು ವೇಷ ಅಲ್ಲ ಮಾರಾಯ. ನಮ್ಮಮ್ಮ."

ಎಂಟು ತಿಂಗಳ ಹಿಂದೆ ಊಟದ ಮೇಜಿನಿಂದ ಎದ್ದು, ತಾನು ಎಂಥವನೆಂದು ಒಂದೇ ಮಾತಿನಲ್ಲಿ ಹೇಳಿ, ಉತ್ತರಕ್ಕೂ ಕಾಯದೆ ಮನೆ ಬಿಟ್ಟವನು ಈ ಕ್ಲೈವ್. ತಾನಿಲ್ಲ ಅಂತ ಹೇಳಿ ಕಳಿಸಿಬಿಡು ಎಂದು ಅಂಗಲಾಚಿದ. ಲೆಸ್ಟರನಿಗೆ ಅದು ಬಾಯಿಗೆ ಬಂದು ಬಿದ್ದ ತುತ್ತು. ಅಸಲಿ ಹೆಂಗಸರಿಗೆ ಸ್ಪರ್ಧೆಯಿಲ್ಲ ಎಂಬುದು ಟಗ್‌ಬೋಟಿನ ಮೊದಲ ನಿಯಮ. ಒಂದು ಮಾತು ಅಂದರೆ ಸಾಕು, ಮುದುಕಿ ಹೊರಗೆ, ಕಿರೀಟ ತಲೆಯ ಮೇಲೆ, ಕ್ಲೈವ್ ಇಲ್ಲಿರುವ ಗುಟ್ಟೂ ಭದ್ರ.

ಆದರೆ ಅಷ್ಟರಲ್ಲಿ ಜನ ಕ್ಲೈವನ ತಾಯಿ ಎನಿಡ್ ಹ್ಯಾಗರ್ಟಿಯನ್ನು, ಬೇಡ ಬೇಡ ಅಂದರೂ ಕೇಳದೆ, ಹೂವಿನಂತೆ ಎತ್ತಿ ವೇದಿಕೆಯ ಮೇಲಿಟ್ಟಿದ್ದರು. ರೂಫಸ್ ಮೈಕು ಹಿಡಿದು, ಸಭೆಗೆ ಎರಡು ಮಾತು ಆಡಬೇಕು ಎಂದ. ಎನಿಡ್ ಹ್ಯಾಟು ನೆಟ್ಟಗೆ ಮಾಡಿಕೊಂಡಳು.

"ನನ್ನ ಮಗ ಕ್ಲೈವ್ ಇಲ್ಲಿದಾನಂತೆ. ನಾನು ಬೈಯೋಕೆ ಬಂದಿಲ್ಲ. ಅವತ್ತು ಅವನು ಹೇಳಿದಾಗ ನನ್ನ ಬಾಯಲ್ಲಿ ಆಲೂಗಡ್ಡೆ ಇತ್ತು. ನುಂಗೋದ್ರೊಳಗೆ ಬಾಗಿಲು ಹಾಕ್ಕೊಂಡು ಹೋಗ್ಬಿಟ್ಟ."

ಬಾರಿನಲ್ಲಿ ಶುರುವಾದ ಅಳುವಿಗೆ ಹೊರಗೆ ಸಮುದ್ರ ಒಂದು ಗೇಣು ಏರಿತು. ಏನು ಅಭಿನಯ, ಏನು ಅಭಿನಯ ಎಂದು ಹಡಗಿನ ಆಳುಗಳು ಒಬ್ಬರ ತೋಳಿಗೆ ಒಬ್ಬರು ಮೂಗು ಒರೆಸಿದರು. ಮಗನನ್ನು ಹುಡುಕಿಕೊಂಡು ಇಂಥ ಜಾಗಕ್ಕೆ ಬಂದ ತಾಯಿಯನ್ನು ಅವರಲ್ಲಿ ಒಬ್ಬನೂ ಕಂಡಿರಲಿಲ್ಲ. ಅದಕ್ಕೇ ಅದು ನಟನೆಯೆಂದು ನಂಬಿದರು.

ಲೆಸ್ಟರ್ ವೇದಿಕೆ ಹತ್ತಿದ. ತಲೆಯ ಮೇಲಿಂದ ಕಿರೀಟ ಬಿಚ್ಚಿ ಅವಳ ಹ್ಯಾಟಿನ ಮೇಲೆಯೇ ಕೂರಿಸಿದ. ಅವನ ಹಣೆಯಲ್ಲಿ ಹನ್ನೊಂದು ವರ್ಷ ಬಿಸಿಲು ಕಾಣದ ಬಿಳಿ ಪಟ್ಟಿಯೊಂದು ಮೂಡಿತ್ತು. ರಾಣಿಗೆ ಬಹುಮಾನ ಒಂದು ಕುರಿ ತೊಡೆ. ಅದನ್ನು ಬಾರಿನ ಆಳೇ ತಂದು ಕೈಗಿಡಬೇಕೆಂಬುದು ಸಂಪ್ರದಾಯ.

"ಏ ಕ್ಲೈವ್," ಅಂದ ಲೆಸ್ಟರ್ ಮೈಕಿನಲ್ಲೇ, "ಎದ್ದೇಳೋ. ತೊಡೆ ತಗೊಂಡು ಬಾ."

ಪೀಪಾಯಿಗಳ ನಡುವಿನಿಂದ ಕ್ಲೈವ್ ಎದ್ದ. ಮಾಂಸದ ತಟ್ಟೆ ಹಿಡಿದು, ಕಾಲಿಗೆ ಸೀಸ ಕಟ್ಟಿದವನಂತೆ ನಡೆದು ಬಂದು ತಾಯಿಯ ಮುಂದೆ ನಿಂತ. ಆಗ ಒಂದೊಂದೇ ತಲೆಗೆ ವಿಷಯ ಇಳಿಯಿತು. ಗೌನು ತೊಟ್ಟ ರಾಣಿಯರೆಲ್ಲ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುವವರಂತೆ ಭುಜ ಮುಚ್ಚಿಕೊಂಡರು.

ಎನಿಡ್ ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆ ಕೂದ್ಲು ಯಾರೋ ಕತ್ತರಿಸಿದ್ದು?"

ಕ್ಲೈವ್ ಲೆಸ್ಟರನ ಕಡೆ ಬೆರಳು ತೋರಿಸಿದ.

ಅವಳು ತೊಡೆಯನ್ನು ಕಂಕುಳಿಗೆ ಇರುಕಿ, ಇನ್ನೊಂದು ಕೈಯಲ್ಲಿ ಮಗನ ತೋಳು ಹಿಡಿದು ಹೊರಟಳು. ಕಿರೀಟ ಯಾವತ್ತೂ ಟಗ್‌ಬೋಟಿನವರ ಕೈ ಬಿಟ್ಟು ಹೋಗಿದ್ದಿಲ್ಲ, ಅಮ್ಮಾವ್ರು ದಯವಿಟ್ಟು ವಾಪಸು ಕೊಡಬೇಕು ಎಂದು ಲೆಸ್ಟರ್ ಬಾಗಿಲವರೆಗೂ ಹಿಂದೆ ಓಡಿದ.

"ಗೆದ್ದೋಳು ನಾನು ತಾನೆ?" ಅಂದಳು ಎನಿಡ್. "ಬೇಕಾದ್ರೆ ಭಾನುವಾರ ಊಟಕ್ಕೆ ಬಂದು ತಗೊಂಡ್ಹೋಗು. ಕತ್ತರಿ ಮಾತ್ರ ತರಬೇಡ."

ಆಮೇಲೆ ಟಗ್‌ಬೋಟಿಗೆ ಮಾಲೀಕರು ಬದಲಾದರು, ದೇಶಕ್ಕೆ ಕಾನೂನು ಬದಲಾಯಿತು, ಮುಂದಿನ ಮೀನಂಗಡಿ ಕಾಫಿಯಂಗಡಿಯಾಯಿತು. ಇದೊಂದು ಬದಲಾಗಲಿಲ್ಲ. ಯಾರೇ ಗೆಲ್ಲಲಿ, ಕಿರೀಟ ಎನಿಡಳ ಮನೆಗೆ, ಗೆದ್ದವರು ಅವತ್ತು ಬರಿದಲೆಯಲ್ಲೇ ತಮ್ಮ ಮನೆಗೆ. ಭಾನುವಾರ ಅಲ್ಲಿಗೆ ಹೋಗಿ, ಬಡಿಸಿದ್ದನ್ನೆಲ್ಲ ಉಂಡು, ಪಾತ್ರೆ ತೊಳೆದುಕೊಟ್ಟ ಮೇಲೆಯೇ ಕಿರೀಟ. ಎನಿಡ್ ತೀರಿಕೊಂಡ ವರ್ಷ ಗೆದ್ದವಳು ಆ ಭಾನುವಾರ ಹೋಗುವುದೋ ಬೇಡವೋ ಎಂದು ಬೀದಿಯ ತುದಿಯಲ್ಲಿ ಹೈಹೀಲ್ಸು ಸವೆಯುವಷ್ಟು ಹೊತ್ತು ನಿಂತಿದ್ದಳಂತೆ. ಬಾಗಿಲು ತೆರೆದದ್ದು ಕ್ಲೈವ್. ಕೈಗೆ ಸೌಟು, ಸೊಂಟಕ್ಕೆ ತಾಯಿಯ ಏಪ್ರನ್ನು.

"ಅಲ್ಲೇನು ನಿಂತಿದೀಯಾ, ಬಾರೇ. ಆರಿ ಹೋಗ್ತಿದೆ."